ಆಕಳ ಹೊಟ್ಟೆಗೆ ನಲವತ್ತು ಮನೆಯ ಅನ್ನ

ಮೂವತ್ತು ವರ್ಷ ನಾನು ದನಗಳಿಗೆ ಅಡಿಗೆ ಬರೆದವಳು. ಬೇಯಿಸಿದವಳಲ್ಲ, ಬರೆದವಳು. ಹೈದರಾಬಾದಿನ ಹೊರಗೆ ಒಂದು ಪಶು ಆಹಾರದ ಕಾರ್ಖಾನೆಯಲ್ಲಿ ನನ್ನ ಕೆಲಸವೇ ಅದು. ಮೆಕ್ಕೆಜೋಳ ಇಷ್ಟು, ಅಕ್ಕಿಯ ತೌಡು ಇಷ್ಟು, ಶೇಂಗಾ ಹಿಂಡಿ ಇಷ್ಟು, ಹತ್ತಿಕಾಳಿನ ಹಿಂಡಿ ಇಷ್ಟು, ತೊಗರಿಯ ಹೊಟ್ಟು ಇಷ್ಟು ಎಂದು ಕೂಡಿಸಿ ಕಳೆದು ಚೀಟಿ ಬರೆದುಕೊಟ್ಟರೆ ಕೆಳಗೆ ಯಂತ್ರಗಳು ಅದನ್ನು ಅರೆದು ಚೀಲಕ್ಕೆ ತುಂಬುತ್ತಿದ್ದವು. ಕಾಳು, ತೌಡು ದನಕ್ಕೆ ಕಸುವು ಕೊಡುತ್ತವೆ. ಹಿಂಡಿ ಮೈ ತುಂಬಿಸುತ್ತದೆ, ಹಾಲು ಕೊಡುತ್ತದೆ. ಕಸುವಿನದು ಹೆಚ್ಚಾದರೂ ತಪ್ಪು, ಹಿಂಡಿ ಹೆಚ್ಚಾದರೂ ತಪ್ಪು. ಇಷ್ಟೇ ವಿದ್ಯೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ಅವ್ವನಿಗೆ ದೊಡ್ಡ ಪಾಠದ ಹಾಗೆ ವಿವರಿಸಿದ್ದೆ. ಅವಳು ರೊಟ್ಟಿ ಬಡಿಯುತ್ತ ಪೂರ್ತಿ ಕೇಳಿ, "ಅಂದ್ರ ನಾವು ಅನ್ನ ಬ್ಯಾಳಿ ಉಣ್ತೀವಲ್ಲ, ಹಂಗ. ಇಷ್ಟಕ್ಕ ಹೈದರಾಬಾದ್ ತುಂಬ ಕಾಲೇಜು ತಿರುಗಿದೇನ ನೀ?" ಅಂದಳು. ಅಪ್ಪ ಪೇಪರಿನ ಹಿಂದೆ ನಕ್ಕಿದ್ದು ಕೇಳಿಸಿತ್ತು.

ನಮ್ಮದು ಕೊಪ್ಪಳದ ಕಡೆಯ ಮನೆತನ. ಅಜ್ಜ ಸರ್ಕಾರಿ ನೌಕರಿಗೆಂದು ಹೈದರಾಬಾದಿಗೆ ಬಂದವರು, ಇಲ್ಲೇ ಉಳಿದೆವು. ಬೀದಿಯಲ್ಲಿ ತೆಲುಗು, ಆಫೀಸಿನಲ್ಲಿ ಹಿಂದಿ, ಬಾಗಿಲ ಒಳಗೆ ನಮ್ಮ ಕನ್ನಡ. ಈಗ ಕೂಕಟ್‌ಪಲ್ಲಿಯ ನಲವತ್ತು ಮನೆಗಳ ಒಂದು ಅಪಾರ್ಟ್‌ಮೆಂಟಿನಲ್ಲಿ, ಮೂರನೆಯ ಮಹಡಿಯಲ್ಲಿ, ನಾನೂ ಅವ್ವನೂ ಇದ್ದೇವೆ. ನನ್ನ ಬಾಯಿ ಸ್ವಲ್ಪ ಜೋರು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ಕಾರ್ಖಾನೆಗೆ ಹಿಂಡಿ ತಂದ ಲಾರಿಯವರ ಎದುರು ಒಂದು ತುಂಡು ಮುರಿದು ಮೂಸಿ, ಮುಗ್ಗಲು ಹಿಡಿದಿದ್ದರೆ ಅಲ್ಲೇ ಗಂಟಲು ತೆಗೆಯುತ್ತಿದ್ದೆ. ಕಂತ್ರಾಟುದಾರರಿಗೆ, ಮ್ಯಾನೇಜರಿಗೆ, ಯಾರಿಗೂ ನಾನು ಹೆದರಿದವಳಲ್ಲ. ಅಂಥವಳು ನಮ್ಮ ಗೇಟಿನ ಎದುರು ಬಾಯಿ ಮುಚ್ಚಿಕೊಂಡು ನಿಂತ ಒಂದು ದಿನದ ಮಾತು ಇದು.

ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಒಂದು ಖಾಲಿ ಸೈಟು. ಅದರ ಮೂಲೆಯಲ್ಲಿ ತಗಡಿನ ಗೂಡು ಹಾಕಿಕೊಂಡು ಒಬ್ಬ ಹೆಂಗಸು ಇದ್ದಳು. ಜಹೀರಾಬಾದ್ ಆಚೆಯ ಗಡಿ ಊರಿನವಳಾದ್ದರಿಂದ ಕನ್ನಡ ಬರುತ್ತಿತ್ತು. ಗಂಡ ಸತ್ತ ಮೇಲೆ ಕಟ್ಟಡದ ಕೂಲಿ ಮಾಡಿ ಕೂಡಿಟ್ಟು ಒಂದು ಆಕಳು ಕೊಂಡಿದ್ದಳು. ಅಚ್ಚ ಬಿಳಿಯ ಆಕಳು, ಹಣೆಗೆ ಅರಿಶಿನ. ಬೆಳಿಗ್ಗೆ ನಾಲ್ಕಾರು ಮನೆಗೆ ಹಾಲು ಹಾಕಿ, ಆಮೇಲೆ ಆಕಳನ್ನೂ ಹಸಿಹುಲ್ಲಿನ ಸಿವುಡುಗಳನ್ನೂ ತಂದು ಗೇಟಿನ ಹತ್ತಿರ ನಿಲ್ಲುವಳು. ಜನ ಒಂದು ಸಿವುಡು ಕೊಂಡು ಆಕಳಿಗೆ ತಿನ್ನಿಸಿ, ಬೆನ್ನು ಮುಟ್ಟಿ, ಮೆಟ್ರೊ ಹಿಡಿಯಲು ಓಡುವರು. ಅವಳ ಹೊಟ್ಟೆ ನಡೆಯುತ್ತಿದ್ದುದು ಆ ಒಂದು ಆಕಳಿನಿಂದ.

ಅಪ್ಪ ಹೋಗಿ ವರ್ಷ ಕಳೆದಿತ್ತು. ವರ್ಷಾಂತಿಕ ಮುಗಿದ ಮೇಲೆ ಅದು ಅವರ ಪಾಲಿಗೆ ಮೊದಲ ಮಹಾಲಯ ಅಮಾವಾಸ್ಯೆ. ನಮ್ಮಲ್ಲಿ ಆ ದಿನ ಹಿರಿಯರಿಗೆ ಎಡೆ ಇಟ್ಟು, ಅದನ್ನು ಆಕಳ ಬಾಯಿಗೆ ಕೊಟ್ಟ ಮೇಲೆಯೇ ಮನೆಯವರು ಉಣ್ಣಬೇಕು. ಅವ್ವ ನಸುಕಿನಲ್ಲೇ ಎದ್ದು ಮಡಿಯಲ್ಲಿ ಅಡಿಗೆಗೆ ನಿಂತಿದ್ದಳು. ಅನ್ನ, ಹೋಳಿಗೆ, ಗೋಧಿ ಹುಗ್ಗಿ, ಕಟ್ಟಿನ ಸಾರು. ಇಷ್ಟೊಂದು ಯಾಕೆ ಎಂದರೆ, "ಅವರಿಗೆ ಸೇರತಿತ್ತು, ನೀ ಸುಮ್ನಿರು" ಎಂದಳು. ಬಾಳೆ ಎಲೆಯ ತುಂಬ ಬಡಿಸಿ, ನನ್ನ ಕೈಗೆ ಕೊಟ್ಟು, ತಾನು ಮೊಣಕಾಲು ನೋವಿನಿಂದ ಇಳಿಯಲಾರದೆ ಬಾಲ್ಕನಿಯಲ್ಲಿ ಕಂಬಿ ಹಿಡಿದು ನಿಂತಳು.

ಕೆಳಗೆ ಹೋಗಿ ನೋಡುತ್ತೇನೆ, ಗೇಟಿನಲ್ಲಿ ಸಾಲು! ತೆಲುಗಿನವರಿಗೂ ಅಂದು ಹಿರಿಯರ ಅಮಾವಾಸ್ಯೆಯೇ. ಒಬ್ಬರ ಕೈಯಲ್ಲಿ ಪುಳಿಹೊರ, ಒಬ್ಬರದು ಪಾಯಸ, ಒಬ್ಬರದು ವಡೆ, ಎಲ್ಲರ ಕೈಯಲ್ಲೂ ಅನ್ನ. ಇಡೀ ಓಣಿಗೆ ಅದೊಂದೇ ಆಕಳು. ಅದು ಪಾಪ, ಬಾಯಿ ಹಾಕುತ್ತಲೇ ಇತ್ತು. ಹುಲ್ಲಿನ ಸಿವುಡುಗಳು ಗೋಡೆಗೆ ಒರಗಿಕೊಂಡು ಹಾಗೇ ಬಿದ್ದಿದ್ದವು, ಕೇಳುವವರಿಲ್ಲ.

ನನಗೆ ನೋಡಿದ ಕೂಡಲೇ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಇವತ್ತೂ ಸುಳ್ಳು ಹೇಳಲಾರೆ. ಆಕಳಿಗೆ ಮೇವು ಹಾಕುವುದೆಂದರೆ ಅದರ ಹೊಟ್ಟೆಯೊಳಗೆ ಸಂಸಾರ ಹೂಡಿರುವ ಕೋಟಿಗಟ್ಟಲೆ ಸಣ್ಣ ಜೀವಿಗಳಿಗೆ ಹಾಕಿದಂತೆ. ಹುಲ್ಲನ್ನು ಅರಗಿಸುವವು ಅವೇ. ಅವಕ್ಕೆ ಹುಲ್ಲಿನ ಅಭ್ಯಾಸ. ಒಮ್ಮೆಲೇ ಬೆಂದ ಅನ್ನ, ಬೆಲ್ಲ ಬಂದು ಬಿದ್ದರೆ ಅದು ಒಳಗೇ ಹುಳಿತು, ಹೊಟ್ಟೆಯೇ ಹುಳಿಯಾಗಿ, ಆ ಸಂಸಾರ ಸಾಯುತ್ತದೆ. ಅದರ ಹಿಂದೆ ಆಕಳೂ ಸಾಯುತ್ತದೆ. ಕಾರ್ಖಾನೆಗೆ ತರಬೇತಿಗೆ ಬರುತ್ತಿದ್ದ ರೈತರಿಗೆ ನಾನು ನೂರು ಸಲ ಹೇಳಿದ ಪಾಠ ಅದು. ಮದುವೆ ಮನೆಯ ಉಳಿದ ಅನ್ನ ದನಕ್ಕೆ ಸುರಿಯಬೇಡಿರಪ್ಪಾ ಎಂದು ಅವರ ಮೇಲೆ ರೇಗಿದ್ದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಸಾಲು ಕರಗಿ ನನ್ನ ಸರದಿ ಬಂತು. ತಲೆ ಎತ್ತಿ ನೋಡಿದೆ. ಮೂರನೆಯ ಮಹಡಿಯಲ್ಲಿ ಅವ್ವ ಕೈ ಮುಗಿದುಕೊಂಡು ನಿಂತಿದ್ದಳು. ಒಂದು ಎಲೆ ಅನ್ನಕ್ಕೆ ಏನಾಗುತ್ತದೆ ಬಿಡು ಅನ್ನಿಸಿತು. ನನ್ನ ಹಿಂದೆ ಮುಂದೆ ನಿಂತವರಿಗೂ ಹಾಗೇ ಅನ್ನಿಸಿರಬೇಕು. ಹನಿ ಹನಿಗೂಡಿದರೆ ಹಳ್ಳ ಎಂದು ಅವರಿಗೆ ಹೊಳೆಯದಿದ್ದರೆ ಕ್ಷಮಿಸಬಹುದು, ಕೂಡಿಸುವುದನ್ನೇ ಮೂವತ್ತು ವರ್ಷ ಸಂಬಳಕ್ಕೆ ಮಾಡಿದವಳಿಗೆ ಹೊಳೆಯಬೇಡವೆ? ಎಲೆಯನ್ನು ಆಕಳ ಮೂತಿಗೆ ಒಡ್ಡಿದೆ. ಅದು ಸ್ವಲ್ಪ ತಡೆದು, ಮೂಸಿ, ಆಮೇಲೆ ತಿಂದಿತು. ಆ ಹೆಂಗಸು ನನ್ನ ಮುಖ ನೋಡಿದಳು, ಏನೋ ಹೇಳಬೇಕೆಂದವಳು ಸುಮ್ಮನಾದಳು. ಮೇಲೆ ಬಂದಾಗ ಅವ್ವನ ಮುಖದಲ್ಲಿ ವರ್ಷದಿಂದ ಕಾಣದ ನೆಮ್ಮದಿ. ನಾನೂ ಎರಡು ಹೋಳಿಗೆ ತಿಂದು ಮಲಗಿದೆ.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಆಕಳಿಲ್ಲ. ಆ ಹೆಂಗಸು ಒಬ್ಬಳೇ ವಾಚ್‌ಮನ್ ಮುಂದೆ ನಿಂತು ಅಳುತ್ತಿದ್ದಳು. ನಾನು ಹಾಲಿನ ಪಾತ್ರೆ ಹಿಡಿದೇ ಓಡಿದೆ.

"ಏಳವಲ್ದು ಅಕ್ಕಾರೆ," ಅಂದಳು. "ನಿನ್ನೆ ಸಂಜಿಂದ ಮೇವಿಗೆ ಬಾಯಿ ಹಾಕಿಲ್ಲ. ಹಲ್ಲು ಕಟಕಟ ಕಡೀಲಿಕ್ಕತ್ಯಾದ. ಸೆಗಣಿ ನೀರಿನಂಗ ಹೊಂಟಾದ, ಹುಳಿ ವಾಸನಿ."

ಗೂಡಿಗೆ ಹೋಗಿ ನೋಡಿದೆ. ಆಕಳು ಕುತ್ತಿಗೆಯನ್ನು ಪಕ್ಕೆಗೆ ಹೊರಳಿಸಿ ಮಲಗಿತ್ತು. ಕಣ್ಣು ಗುಳಿ ಬಿದ್ದಿದ್ದವು. ಎಡಗಡೆಯ ಹೊಟ್ಟೆಗೆ ಕಿವಿ ಇಟ್ಟೆ. ಆರೋಗ್ಯದ ಆಕಳಿದ್ದರೆ ಅಲ್ಲಿ ದೂರದ ಗುಡುಗಿನ ಸದ್ದು ಕೇಳುತ್ತದೆ. ಇದರಲ್ಲಿ ಏನೂ ಇರಲಿಲ್ಲ.

"ಬದುಕ್ತಾದಲ್ಲಕ್ಕಾರೆ? ಇದು ಹೋದ್ರ ನಾ ಎಲ್ಲಿಗಿ ಹೋಗ್ಲಿ?" ಅಂದಳು ಅವಳು. ಸರ್ಕಾರಿ ಪಶು ಆಸ್ಪತ್ರೆಗೆ ಫೋನು ಹಚ್ಚಿದೆ. ಡಾಕ್ಟರು ಬೇರೆ ಊರಿಗೆ ಹೋಗಿದ್ದಾರೆ, ಮಧ್ಯಾಹ್ನ ಬರುತ್ತಾರೆ ಎಂದರು. ಅಲ್ಲಿಯವರೆಗೆ ಹುಳಿ ಮುರಿಯಲು ಅಡಿಗೆ ಸೋಡಾ ನೀರಿನಲ್ಲಿ ಕದಡಿ ಕುಡಿಸಬೇಕಿತ್ತು. ನಮ್ಮ ಮನೆಯಲ್ಲಿದ್ದುದು ಒಂದು ಸಣ್ಣ ಡಬ್ಬಿ.

ಕೇಳೋಣವೆಂದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು ತೆಗೆದರೆ ಅಲ್ಲಿ ಆಗಲೇ ಪಂಚಾಯ್ತಿ ನಡೆದಿತ್ತು. ಗೇಟಿನ ಆಚೆ ಇಡ್ಲಿ ಬಂಡಿ ನಿಲ್ಲಿಸುವವನು ಹಳಸಿದ ಹಿಟ್ಟು ಎಸೆದಿದ್ದಾನೆ, ಅದನ್ನು ತಿಂದೇ ಹೀಗಾಗಿದೆ, ಅವನನ್ನು ಎಬ್ಬಿಸಬೇಕು ಎಂದು. ನನಗೆ ತಲೆಗೆ ರಕ್ತ ಏರಿತು. ಆ ಬಡಪಾಯಿ ಅಮಾವಾಸ್ಯೆಗೆ ಬಂಡಿಯನ್ನೇ ಹಚ್ಚಿರಲಿಲ್ಲ. ಬರೆದೆ: "ಇಡ್ಲಿಯವನಲ್ಲ. ನಾವು. ನಿನ್ನೆ ನಲವತ್ತು ಮನೆಯವರು ಸೇರಿ ಒಂದು ಹೊಟ್ಟೆಗೆ ಅನ್ನ ಸುರಿದಿದ್ದೇವೆ. ಗೊತ್ತಿದ್ದೂ ಸುರಿದವಳು ನಾನು. ಮನೆಯಲ್ಲಿದ್ದ ಅಡಿಗೆ ಸೋಡಾ ತಗೊಂಡು ಹಿಂದಿನ ಸೈಟಿಗೆ ಬನ್ನಿ."

ಯಾರೂ ಬರುವುದಿಲ್ಲ ಎಂದುಕೊಂಡೆ. ಆದರೆ ಬಂದರು. ನಿನ್ನೆ ಪಾಯಸ ತಂದಿದ್ದವರು ಇವತ್ತು ಸೋಡಾ ಪೊಟ್ಟಣ ಹಿಡಿದು, ನೈಟಿಯ ಮೇಲೆ ಟವಲ್ ಹೊದ್ದು, ಕಲ್ಲುಮುಳ್ಳು ದಾಟಿ ಬಂದರು. ಆ ಹೆಂಗಸು ದನಕ್ಕೆ ಔಷಧ ಕುಡಿಸುವ ಬಿದಿರಿನ ಗೊಟ್ಟ ತಂದಳು. ನಾನು ಆಕಳ ತಲೆ ಎತ್ತಿ ಹಿಡಿದೆ, ಅವಳು ಗೊಟ್ಟದಿಂದ ಸೋಡಾ ನೀರನ್ನು ನಿಧಾನವಾಗಿ ಬಾಯಿಗೆ ಹೊಯ್ದಳು. ಅರ್ಧ ನನ್ನ ಸೀರೆಯ ಮೇಲೆ ಚೆಲ್ಲಿತು.

ಮಧ್ಯಾಹ್ನ ಡಾಕ್ಟರು ಬಂದರು. ಸಣ್ಣ ವಯಸ್ಸಿನ ಹುಡುಗ, ನನ್ನ ಅರ್ಧ ವಯಸ್ಸೂ ಇಲ್ಲ. ಬಾಟಲಿ ಮೇಲೆ ಬಾಟಲಿ ಸಲೈನ್ ಏರಿಸಿದರು. ಸೋಡಾ ಕುಡಿಸಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ನಾನು ಬರುವಷ್ಟರಲ್ಲಿ ಮುಗಿದಿರುತ್ತಿತ್ತು ಎಂದರು ತೆಲುಗಿನಲ್ಲಿ. ಹುಳಿ ಇಳಿಯಬಹುದು, ಆದರೆ ಹೊಟ್ಟೆಯೊಳಗೆ ಜೀವವೇ ಉಳಿದಿಲ್ಲ ಮೇಡಂ, ಇನ್ನೊಂದು ದನದ ಹೊಟ್ಟೆಯ ರಸ ತಂದು ಹಾಕಿದರೆ ಮಾತ್ರ ಮತ್ತೆ ಮೆಲುಕು ಹಾಕೀತು, ಅದನ್ನು ಈ ಊರಲ್ಲಿ ಎಲ್ಲಿಂದ ತರೋದು ಎಂದು ತಲೆ ಕೆರೆದುಕೊಂಡರು.

ಎಲ್ಲಿಂದ ಎಂದು ನನಗೆ ಗೊತ್ತಿತ್ತು. ಕಾರ್ಖಾನೆಯ ಪ್ರಯೋಗಾಲಯದಲ್ಲಿ ಹಿಂಡಿ ಎಷ್ಟು ಅರಗುತ್ತದೆ ಎಂದು ಪರೀಕ್ಷಿಸಲು ಆ ರಸ ಬೇಕಾಗುತ್ತಿತ್ತು. ಅದು ಬರುತ್ತಿದ್ದುದು ಕಸಾಯಿಖಾನೆಯಿಂದ, ಆಗಷ್ಟೇ ಕಡಿದ ಎಮ್ಮೆಯ ಹೊಟ್ಟೆಯಿಂದ, ಬಿಸಿ ಆರದ ಹಾಗೆ ಫ್ಲಾಸ್ಕಿನಲ್ಲಿ. ವರ್ಷಗಟ್ಟಲೆ ನಮಗೆ ಅದನ್ನು ಕೊಟ್ಟ ಮುದುಕನ ನಂಬರು ಇನ್ನೂ ನನ್ನ ಫೋನಿನಲ್ಲಿತ್ತು. ಅವರನ್ನು ನಾವೆಲ್ಲ ಚಾಚಾ ಅನ್ನುತ್ತಿದ್ದೆವು. ಫೋನು ಮಾಡಿದೆ, ಮರುದಿನ ಬೆಳಿಗ್ಗೆ ಆರಕ್ಕೆ ಬಾ ಎಂದರು.

ರಸ ಮೂರು ನಾಲ್ಕು ಲೀಟರಾದರೂ ಬೇಕಿತ್ತು. ಫ್ಲಾಸ್ಕುಗಳನ್ನು ಕೂಡಿಸಲು ಹೊರಟೆ. ಕೆಳಗಿನ ಮನೆಯವರು ಯಾಕೆ ಎಂದು ಕೇಳಿದರು. ನಿಜ ಹೇಳಿದೆ. ಅವರು ಮುಖ ಕಿವುಚಿ, ಫ್ಲಾಸ್ಕು ಕೊಟ್ಟು, "ವಾಪಸ್ ವದ್ದು ಅಕ್ಕಾ", ತಿರುಗಿ ಕೊಡುವುದೇ ಬೇಡ, ಅಂದುಬಿಟ್ಟರು. ನಗು ಬಂತು. ಆಮೇಲೆ ನಮ್ಮ ಮನೆಗೆ ಬಂದೆ. ದೊಡ್ಡ ಸ್ಟೀಲಿನ ಫ್ಲಾಸ್ಕು ಇದ್ದುದು ಅವ್ವನ ಹತ್ತಿರ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಗಂಜಿ ಒಯ್ಯಲೆಂದು ಕೊಂಡದ್ದು. ಅದನ್ನು ದೇವರ ಕೋಣೆಯ ಕಪಾಟಿನಲ್ಲಿ ಇಟ್ಟಿದ್ದಳು, ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಅಲ್ಲಿಯವರೆಗೆ ಆಕಳಿಗೆ ಏನೋ ಹುಷಾರಿಲ್ಲ ಎಂದಷ್ಟೇ ಅವಳಿಗೆ ಹೇಳಿದ್ದೆ. ಈಗ ಎಲ್ಲ ಹೇಳಬೇಕಾಯಿತು. ಅನ್ನದಿಂದ ಹೀಗಾಯಿತು ಎಂದೆ. ಎಮ್ಮೆ, ಕಸಾಯಿಖಾನೆ, ಎಲ್ಲ ಹೇಳಿದೆ. ಅವ್ವ ಮಡಿಯ ಹೆಂಗಸು. ಈರುಳ್ಳಿ ಹೆಚ್ಚಿದ ಚಾಕುವನ್ನೂ ಬೇರೆ ಇಡುವವಳು. ಬೈಯುತ್ತಾಳೆ ಎಂದು ಗೋಡೆಗೆ ಆತು ನಿಂತೆ.

ಅವಳು ಬೈಯಲಿಲ್ಲ. "ನಮ್ಮ ಎಡಿನೂ ಸೇರೇತೇನ ಅದರಾಗ?" ಎಂದು ಕೇಳಿದಳು.

"ಸೇರೇತಿ ಅವ್ವ. ನಾನ ತಿನ್ನಿಸೇನಿ."

"ನಿನಗ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಮಳ್ಳಿ," ಅಂದಳು. ಸಿಟ್ಟಿನಿಂದ ಅಲ್ಲ, ಸೋತು. ಕಪಾಟಿನ ಬಾಗಿಲು ತೆಗೆದು ಫ್ಲಾಸ್ಕನ್ನು ನನ್ನ ಕೈಗೆ ಕೊಟ್ಟಳು. "ಮೊದಲ ಬಿಸಿನೀರು ಹಾಕಿಟ್ಟು ಚೆಲ್ಲು. ಇಲ್ಲಂದ್ರ ಶಾಖ ನಿಲ್ಲೂದಿಲ್ಲ."

ಬೆಳಿಗ್ಗೆ ಆಟೊ ಮಾಡಿಕೊಂಡು ಹೋದೆ. ಚಾಚಾ ಮೊದಲಿಗಿಂತ ಬಗ್ಗಿದ್ದರು. ಯಾರಿಗೆ ಎಂದು ಕೇಳಿದರು. ಆಕಳಿಗೆ ಅಂದೆ. ಹೇಗಾಯಿತು ಅಂದರು. ಹಿರಿಯರ ಹೆಸರಿನ ಅನ್ನ ಹೆಚ್ಚಾಗಿ ಅಂದೆ. ಅವರು ನಗಲಿಲ್ಲ. "ಹಮಾರೆ ಮೇ ಭೀ ಐಸಾ ಇಚ್ ಹೈ ಆಪಾ," ಅಂದರು. "ಮರೇ ಸೋ ಕೋ ಖಿಲಾನಾ ಬೋಲ್ಕೆ ಜೀತೇ ಸೋ ಕಾ ಪೇಟ್ ಫೋಡ್ ದೇತೇ." ನಮ್ಮಲ್ಲೂ ಹೀಗೇ, ಸತ್ತವರಿಗೆ ಉಣ್ಣಿಸುತ್ತೇವೆಂದು ಬದುಕಿದ್ದವರ ಹೊಟ್ಟೆ ಒಡೆಯುತ್ತೇವೆ ಎಂದು. ಹಸಿರು ರಸವನ್ನು ಬಿಳಿ ಬಟ್ಟೆಯಲ್ಲಿ ಹಿಂಡಿ, ಸೋಸಿ, ಒಂದು ಹನಿ ಹೊರಗೆ ಚೆಲ್ಲದ ಹಾಗೆ ನಾಲ್ಕು ಫ್ಲಾಸ್ಕಿಗೆ ತುಂಬಿದರು. ಹಣ ಮುಟ್ಟಲಿಲ್ಲ. ಬೇಗ ಒಯ್ಯಿ, ಆರಿದರೆ ಕೆಲಸಕ್ಕೆ ಬರುವುದಿಲ್ಲ ಎಂದು ಆಟೊದವನನ್ನು ತಾವೇ ಗದರಿಸಿದರು. ದಾರಿಯುದ್ದಕ್ಕೂ ಆ ಫ್ಲಾಸ್ಕುಗಳನ್ನು ಮಡಿಲಲ್ಲಿ ಅವಚಿಕೊಂಡು ಕೂತಿದ್ದೆ. ವಾಸನೆಗೆ ಆಟೊದವನು ಎರಡು ಸಲ ಹಿಂದೆ ತಿರುಗಿ ನೋಡಿದ.

ಡಾಕ್ಟರು ಮೊದಲೇ ಬಂದು ಕಾಯುತ್ತಿದ್ದರು. ಆಕಳ ಬಾಯಿಯಿಂದ ನಳಿಕೆ ಇಳಿಸಿ ರಸವನ್ನೆಲ್ಲ ಹೊಟ್ಟೆಗೆ ಬಿಟ್ಟರು. ಆ ದಿನ ಏನೂ ಆಗಲಿಲ್ಲ. ಮರುದಿನ ಆಕಳು ಎದ್ದು ನಿಂತಿತು, ಆದರೆ ಬಾಯಿ ಆಡಿಸಲಿಲ್ಲ. ಮೆಲುಕು ಹಾಕಿದರೆ ಗೆದ್ದಂತೆ, ನಾಳೆಯೊಳಗೆ ಹಾಕದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದರು ಡಾಕ್ಟರು. ಆ ಹೆಂಗಸು ನೀರೂ ಮುಟ್ಟದೆ ಅದರ ಎದುರು ಕೂತೇ ಇದ್ದಳು.

ಅದರ ಮರುದಿನ ಬೆಳಿಗ್ಗೆ ನಾನು ಹೊರಟಾಗ, "ನಾನೂ ಬರ್ತೀನಿ," ಅಂದಳು ಅವ್ವ. ಲಿಫ್ಟಿನಿಂದ ಸೈಟಿನವರೆಗೆ ಅವಳನ್ನು ನಡೆಸಿಕೊಂಡು ಹೋಗಲು ಅರ್ಧ ಗಂಟೆ ಹಿಡಿಯಿತು. ಬಕೆಟ್ ಬೋರಲು ಹಾಕಿ ಕೂರಿಸಿದೆವು. ಮೂವರು ಹೆಂಗಸರು ಒಂದು ಆಕಳ ಬಾಯಿ ನೋಡುತ್ತ ಕೂತೆವು. ಬಿಸಿಲು ಗೋಡೆ ಇಳಿದು ಬಂತು. ಆಗ ಅದರ ಕುತ್ತಿಗೆಯಲ್ಲಿ ಒಂದು ಉಂಡೆ ಕೆಳಗಿನಿಂದ ಮೇಲಕ್ಕೆ ಏರಿತು. ದವಡೆ ಒಂದು ಕಡೆಗೆ ಸರಿಯಿತು, ಇನ್ನೊಂದು ಕಡೆಗೆ ಸರಿಯಿತು.

"ಯವ್ವಾ, ಹಾಕ್ತು!" ಎಂದು ಆ ಹೆಂಗಸು ಆಕಳ ಕೊರಳಿಗೆ ಜೋತು ಬಿದ್ದಳು. ಸ್ವಲ್ಪ ಸುಧಾರಿಸಿಕೊಂಡ ಮೇಲೆ, ತಡೆಯಲಾರದೆ ಕೇಳಿದೆ. "ಅಲ್ಲಬೇ, ಆಕಳು ಸಾಕೋ ನಿನಗ ಗೊತ್ತಿರಲಿಲ್ಲೇನ, ಅಷ್ಟು ಅನ್ನ ತಿಂದ್ರ ಹಿಂಗ ಆಗ್ತೈತಂತ? ಯಾಕ ಬ್ಯಾಡ ಅನಲಿಲ್ಲ?"

"ಹೆಂಗ ಅನ್ಲಿ ಅಕ್ಕಾರೆ? ಎಲ್ಲಾರೂ ಸತ್ತೋರಿಗಿ ಅಂತ ತಂದಿದ್ರು. ಬ್ಯಾಡ ಅಂದ್ರ ಸತ್ತೋರನ್ನ ಉಪಾಸ ಕಳಿಸ್ದಂಗ." ಅವಳು ಅವ್ವನ ಕಡೆ ನೋಡಿದಳು. "ನೀವು ಬಂದಾಗ ಸಾಕ್ರಿ ಅನ್ನಬೇಕಂತ ಬಾಯಿಗಿ ಬಂದಿತ್ತು. ಅಮ್ಮಾರು ಮ್ಯಾಲ ಕೈ ಮುಗ್ದು ನಿಂತಿದ್ರು."

ನಾನು ತಲೆ ತಗ್ಗಿಸಿದೆ. ಅವಳೂ ಮೇಲೆ ನೋಡಿದ್ದಳು, ನಾನು ನೋಡಿದ ಹಾಗೆಯೇ.

"ಅವರಿಗೆ ಎಲ್ಲೀ ಹಸಿವು ತಂಗಿ," ಅಂದಳು ಅವ್ವ ಮೆಲ್ಲಗೆ. "ಕಡೀ ಎರಡು ತಿಂಗಳು ಮೂಗಿನ್ಯಾಗ ನಳಿಗೆ ಹಾಕಿದ್ರು. ದಿನಾ ಗಂಜಿ ಮಾಡಿ ಒಯ್ತಿದ್ದೆ, ನರ್ಸು ಬಾಯಿಗೆ ಹಾಕಬ್ಯಾಡ್ರಿ ಅಂತ ಹೊಳ್ಳಿ ಕಳಸ್ತಿದ್ಲು. ನನ್ನ ಕೈಲೆ ಒಂದು ತುತ್ತು ಉಣ್ಣಲಾರದ ಹೋದ್ರು. ಹಸಿವು ಅವರದಲ್ಲ, ನಂದು."

ಆ ಗಂಜಿಯ ವಿಷಯ ನನಗೆ ಗೊತ್ತಿರಲಿಲ್ಲ. ಫ್ಲಾಸ್ಕು ಖಾಲಿಯಾಗಿ ಮರಳುತ್ತಿದ್ದುದನ್ನು ನೋಡಿ ಅದನ್ನು ನಳಿಗೆಯಲ್ಲೇ ಅಪ್ಪನಿಗೆ ಕೊಡುತ್ತಾರೆ ಎಂದೇ ತಿಳಿದಿದ್ದೆ. ಅವಳು ಅದನ್ನು ಎಲ್ಲಿ ಚೆಲ್ಲುತ್ತಿದ್ದಳೋ.

ಆ ಹೆಂಗಸು ಎದ್ದು ಒಂದು ಹಿಡಿ ಒಣಹುಲ್ಲು ತಂದು ಅವ್ವನ ಕೈಗೆ ಕೊಟ್ಟಳು. ಅವ್ವ ಬಗ್ಗಿ ಆಕಳ ಬಾಯಿಗೆ ಒಡ್ಡಿದಳು. ಅದು ನಾಲಿಗೆ ಚಾಚಿ ಎರಡು ಎಳೆ ಎಳೆದುಕೊಂಡಿತು, ಆಮೇಲೆ ಇನ್ನೆರಡು. ಆ ಹಿಡಿ ಮುಗಿದದ್ದೇ ಪಕ್ಕದ ರಾಶಿಯಿಂದ ಇನ್ನೊಂದು ಹಿಡಿ ಎತ್ತಿಕೊಂಡಳು.

"ಇನ್ನೊಂದೀಟು ಹಾಕ್ಲೇನ?" ಎಂದು ನನ್ನನ್ನು ಕೇಳಿದಳು.

ಸಂಜೆಯವರೆಗೆ ಒಂದು ಹಿಡಿಯ ಮೇಲೆ ಬೇಡ ಎಂದು ಡಾಕ್ಟರು ಹೇಳಿದ್ದರು. ಅವ್ವನ ಮುಖ ನೋಡಿದರೆ ಹಾಕು ಅಂದುಬಿಡಬೇಕು ಅನ್ನಿಸುವ ಹಾಗಿತ್ತು.

"ಸಾಕವ್ವ," ಅಂದೆ. "ಅದಕ್ಕ ಸಾಕು."

ಅವ್ವ ಹುಲ್ಲನ್ನು ಕೆಳಗಿಡಲಿಲ್ಲ. ತೊಡೆಯ ಮೇಲಿಟ್ಟುಕೊಂಡು, ಆಕಳು ಮೆಲುಕು ಹಾಕುವುದನ್ನೇ ನೋಡುತ್ತ, ಸೆರಗು ಬಾಯಿಗೆ ಒತ್ತಿ ಅಳತೊಡಗಿದಳು. ಅಪ್ಪ ಹೋದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.